ತಿದ್ದುಪಡಿ

ಹದಿನೇಳು ವರ್ಷ ಒಂದೇ ಕತೆ ಹೇಳಿದೆ
ಕೇಸರೆ ಹೈಸ್ಕೂಲಿನ ಕರಿಹಲಗೆಯ ಮುಂದೆ:
ರೆಕ್ಕೆಯ ಮೂತಿಯಲ್ಲಿ ಗಾಳಿ ಕವಲೊಡೆಯುತ್ತದೆ,
ಮೇಲಿನದಕ್ಕೆ ಸುತ್ತುದಾರಿ, ಕೆಳಗಿನದಕ್ಕೆ ನೆಟ್ಟಗೆ,
ಬಾಲದ ಹತ್ತಿರ ಇಬ್ಬರೂ ಕೂಡಬೇಕಲ್ಲ,
ಅದಕ್ಕೇ ಮೇಲಿನವಳು ಓಡುತ್ತಾಳೆ ಎಂದು.

ದಸರೆ ಮುಗಿದ ವಾರ ತಸ್ಮಿಯಾ ಎದ್ದು ನಿಂತಳು.
ಬನ್ನಿಮಂಟಪದ ಮೇಲೆ ಒಂದು ವಿಮಾನ
ಹೊಟ್ಟೆ ಆಕಾಶಕ್ಕೆ ಮಾಡಿ ಅಂಗಾತ ಹಾರಿತಂತೆ.
‘ಸುತ್ತುದಾರಿ ಕೆಳಗಾಯ್ತಲ್ಲ ಮಿಸ್,
ಮತ್ತೆ ಯಾಕೆ ಬೀಳಲಿಲ್ಲ?’
ನಾಳೆ ಹೇಳ್ತೀನಿ, ಕೂತ್ಕೋ.
ಬೆರಳಲ್ಲಿ ಸೀಮೆಸುಣ್ಣ ಮುರಿಯಿತು.

ಸಂಜೆ ನಂಜನಗೂಡು ಬಸ್ಸು, ಕಿಟಕಿ ಸೀಟು.
ಮಂಡಕಳ್ಳಿಯ ಬೇಲಿ ಬಂದಾಗ ಕೈ ಹೊರಗಿಟ್ಟೆ,
ಅಂಗೈ ನೆಲಕ್ಕೆ, ಹೆಬ್ಬೆರಳ ಅಂಚು ಚೂರೇ ಮೇಲಕ್ಕೆ.
ಗಾಳಿಯನ್ನು ಕೈ ಕೆಳಕ್ಕೆ ದಬ್ಬಿತು,
ಕೈಯನ್ನು ಗಾಳಿ ಮೇಲಕ್ಕೆ ಎತ್ತಿತು.
ಇನ್ನಷ್ಟು ಓರೆ ಮಾಡಿದೆ, ಇನ್ನಷ್ಟು.
ಅಂಗೈಯ ಬೆನ್ನು ಬಿಟ್ಟ ಗಾಳಿ ಸುಳಿಸುಳಿಯಾಗಿ ಚೆದುರಿ
ಎತ್ತುವುದೆಲ್ಲ ಸೋರಿ, ಬರೀ ಹಿಂದಕ್ಕೆಳೆತ.
‘ಕೈ ಒಳಿಕ್ ತಗಳಕ್ಕ, ಲಾರಿ ಬತ್ತದೆ!’

ಮರುದಿನ ಹಲಗೆ ಒರೆಸಿ ಹೇಳಿದೆ:
ಮೇಲಿನ ಗಾಳಿ ಯಾರಿಗೂ ಕಾಯುವುದಿಲ್ಲ.
ಮೊದಲೇ ದಾಟಿ ಹೋಗಿರುತ್ತದೆ,
ಅಗಲಿದ ಜೊತೆಗಾರ ಮತ್ತೆ ಸಿಗುವುದೇ ಇಲ್ಲ.
ಬಾಗಿಸಿ ಕೆಳಗೆ ಕಳಿಸಿದಷ್ಟು
ರೆಕ್ಕೆಗೆ ಮೇಲೇಳುವ ಹಕ್ಕು.
ಅಂಗಾತವಾದರೂ ಮೂಗು ಎತ್ತಿ ಹಿಡಿದರಾಯಿತು.

ತಸ್ಮಿಯಾ ತಲೆದೂಗಿದಳು, ಅರ್ಧ ಮಾತ್ರ.

ಹದಿನೇಳು ಬ್ಯಾಚು ಎಲ್ಲೆಲ್ಲೋ ಇವೆ.
ತಾರಸಿಯ ಮೇಲೆ ವಿಮಾನ ಹಾದಾಗೆಲ್ಲ
ಯಾರೋ ಒಬ್ಬ ಮಗುವನ್ನು ಹೆಗಲಿಗೇರಿಸಿ
ನನ್ನ ಆ ಸುಳ್ಳನ್ನು
ಎಷ್ಟು ಪ್ರೀತಿಯಿಂದ ಹೇಳುತ್ತಿದ್ದಾನೋ.