ಉಪ್ಪಿಗೆ ಮುಂಚೆ

ಚಾಯೆಲಿಯ ಮೇಲಿನ ಗುಡ್ಡದಲ್ಲಿ ನಮ್ಮ ಅಡುಗೆಮನೆ.
ಕಿಟಕಿಯಲ್ಲಿ ಮುಕ್ಕಾಲು ಪಾಲು ಚಹಾಗಿಡ, ಕಾಲು ಪಾಲು ಕಡಲು.
ಒಲೆಯ ಮೇಲೆ ಒಂದೇ ಪಾತ್ರೆ.
ಕರಿಕೋಸಿನ ಎಲೆ ಇಬ್ಬನಿ ಸಮೇತ ಮುರಿದು ತಂದೆ,
ದಂಟು ಸೀಳಿದೆ, ಎಲೆ ಸುರುಳಿ ಸುತ್ತಿ ಸಣ್ಣಗೆ ಹೆಚ್ಚಿದೆ.
ನಿನ್ನೆ ನೆನೆಹಾಕಿದ ಕೆಂಪು ಬೀನ್ಸ್ ಕಾಳು ಅರೆಬೆಂದಿತ್ತು,
ಮೇಲೊಂದು ಬೊಗಸೆ ಮೆಕ್ಕೆಜೋಳದ ನುಚ್ಚು.
ಕೊತಕೊತ.

ಅತ್ತೆ ನಜ್ಮಿಯೆ ನನಗೆ ಬಿಟ್ಟುಹೋದದ್ದು
ಅಡುಗೆಯನ್ನಲ್ಲ, ಅದು ನನಗೂ ಬರುತ್ತಿತ್ತು;
ಸರದಿಯನ್ನು.
ಬೆಂದ ಮೇಲೆ, ಉಪ್ಪಿಗೆ ಮುಂಚೆ
ಮೊದಲ ಸೌಟು ಎಂಟು ತಿಂಗಳ ಅಸೂದೆಗೆ:
ಕಾಳಿನ ಸಿಪ್ಪೆ ತೆಗೆದು, ಚಮಚದ ಬೆನ್ನಿನಿಂದ ನುರಿದು,
ನನ್ನ ತುಟಿಗೆ ತಾಗಿಸಿ ಬಿಸಿ ನೋಡಿ.
ಎರಡನೆಯದು ಮಾವನವರಿಗೆ,
ಕಟ್ಟಿಸಿದ ಹಲ್ಲು ಲೋಟದಲ್ಲೇ ಉಳಿದ ದಿನ ಇನ್ನಷ್ಟು ತೆಳ್ಳಗೆ.
ಆಮೇಲೆ ಉಪ್ಪು.
ಆಮೇಲೆ ಹಾಲೂಡಿಸುವ ಓರಗಿತ್ತಿ ಗುಲ್ಬೆನ್,
ಅವಳಿಗೆ ಬೆಣ್ಣೆ ಮುಂದು, ಅಕ್ರೋಟು ಒಂದು ಹಿಡಿ.
ಆಮೇಲೆ ಚುಯ್ ಎನ್ನುವ ಮೆಣಸಿನ ಒಗ್ಗರಣೆ,
ಚಹಾ ಕಾರ್ಖಾನೆಯಿಂದ ಮರಳಿದ ಗಂಡನಿಗೆ, ಮೈದುನನಿಗೆ.
ತಳದ ಗಟ್ಟಿಯೆಲ್ಲ ಹದಿಮೂರರ ತುನಹಾನನಿಗೆ;
ಅವನಿಗೆ ಬೇಕಿರುವುದು ಪೊಟ್ಟಣದ ಚಿಪ್ಸ್,
ಗೊಣಗಿಕೊಂಡೇ ಮೂರು ಬಟ್ಟಲು ಮುಗಿಸುತ್ತಾನೆ.

ಮಾವ ಮಾತ್ರ ದಿನವೂ
ತಮ್ಮ ಬಟ್ಟಲನ್ನೊಮ್ಮೆ, ಕೂಸಿನ ಬಟ್ಟಲನ್ನೊಮ್ಮೆ ನೋಡಿ
"ಹಲ್ಲಿಲ್ಲದ ಇಬ್ಬರಿಗೂ ಒಂದೇ ಮೇವು" ಎನ್ನುತ್ತಾರೆ.
ನಲವತ್ತು ವರ್ಷ ದೋಣಿಯಲ್ಲಿ
ಮೀಸೆಗೆ ಹತ್ತಿದ ಉಪ್ಪನ್ನು ನೆಕ್ಕಿಕೊಂಡು ಬದುಕಿದವರು.
ಈಗ ಉಪ್ಪಿನ ಡಬ್ಬಿ ಅವರ ಕೈಗೆಟುಕದ ಗೂಡಿನಲ್ಲಿ.
ಇಟ್ಟವಳು ನಾನೇ.

ಹೋದ ಜನವರಿಯ ಒಂದು ರಾತ್ರಿ ನೆಲಮಾಳಿಗೆಯಲ್ಲಿ ಬೆಳಕು.
ಉಪ್ಪಿಗೆ ಹಾಕಿದ ಹಮ್ಸಿ ಮೀನಿನ ಪೀಪಾಯಿಯ ಬಳಿ ಮಾವ,
ಬೆರಳ ತುದಿಯಲ್ಲಿ ಒಂದು ಬಾಲ;
ತುನಹಾನ್ ಫೋನಿನ ದೀಪ ಹಿಡಿದು ನಿಂತಿದ್ದ.
ನಾನು ಕೂಗಬೇಕಿತ್ತು.
ಮೀನು ಇಸಕೊಂಡು, ನಲ್ಲಿಯಡಿ ನಾಲ್ಕು ನೀರು ತೊಳೆದು
ಮೂರು ತುಂಡು ಮಾಡಿದೆ. ತಿಂದೆವು.
ಯಾರೂ ಯಾರಿಗೂ ಹೇಳಲಿಲ್ಲ.

ಈ ಸೋಮವಾರ ಆರೋಗ್ಯ ಕೇಂದ್ರದ ನರ್ಸ್
ಮಾವನ ತೋಳಿನ ಪಟ್ಟಿ ಬಿಚ್ಚಿ
"ಹೇಗೂ ಬಂದಿದ್ದೀರಲ್ಲ" ಎಂದು ನನ್ನ ತೋಳಿಗೆ ಸುತ್ತಿದಳು.
ಎರಡು ಸಲ ಗಾಳಿ ತುಂಬಿದಳು. ಬರೆದುಕೊಂಡಳು.
ನಲವತ್ತೇಳು ನನಗೆ.
ಅಮ್ಮನದೂ ಹೀಗೇ ಶುರುವಾಗಿದ್ದು, ಒಂದು ಸೋಮವಾರ,
ಯಾರದೋ ಜೊತೆಗೆ ಹೋದವಳು.

ಇವತ್ತು ಸೌಟು ಕೂಸಿಗೆ ಹೋಯಿತು, ಮಾವನಿಗೆ ಹೋಯಿತು.
ಡಬ್ಬಿಗೆ ಕೈ ಚಾಚಿದವಳು ಹಾಗೇ ನಿಂತೆ.
ಪಾತ್ರೆ ಕುದಿಯುತ್ತಲೇ ಇತ್ತು, ಅದಕ್ಕೇನು.
ಮೂರನೆಯ ಬಟ್ಟಲು ತೆಗೆದೆ.

ಮೊದಲ ಗುಟುಕು: ಬರೀ ಹಸಿರು, ಬರೀ ಬಿಸಿ,
ಯಾರೋ ಹೇಳಲು ಬಂದು ಹೆಸರು ಮರೆತ ಹಾಗೆ.
ಮಾವ ನೋಡಿದರು. ಕೇಳಲಿಲ್ಲ.
ಬೆಂಚಿನ ಮೇಲೆ ಕೂಸಿನ ಕಡೆ ಸರಿದು ಜಾಗ ಮಾಡಿದರು.
ಅಂಗಿಯ ಜೇಬಿನಿಂದ ಕಾಗದ ಸುತ್ತಿದ ಅರ್ಧ ನಿಂಬೆ ತೆಗೆದು
"ಹಿಂಡಿಕೋ. ನಾಲಗೆಗೆ ಮೋಸ ಮಾಡೋಕೆ ಇದೊಂದೇ ದಾರಿ.
ಮೊದಲ ಇಪ್ಪತ್ತು ದಿನ ಕಷ್ಟ.
ಆಮೇಲೆ ಕಾಳು ತಾನೇ ಸಿಹಿ ಅಂತ ಗೊತ್ತಾಗುತ್ತೆ" ಎಂದರು.

"ನಿಮಗೆ ಗೊತ್ತಾಯಿತೇ?"

"ಎಲ್ಲಿ, ಇನ್ನೂ ಇಲ್ಲ."

ಅಸೂದೆ ನಿಂಬೆಯನ್ನು ನೋಡಿ
ಬಾಯಿ ತೆರೆದಳು.