ಸಾಕಪ್ಪ

ಹುಲಿಗೆವ್ವ ಅದನ್ನು ಶಾಕಪ್ಸರ್ ಅನ್ನುವುದಿಲ್ಲ,
ಸಾಕಪ್ಪ ಅನ್ನುತ್ತಾಳೆ.
ಹೇಮಗುಡ್ಡದ ಇಳಿಜಾರಿನಲ್ಲಿ ಒಂದು ತಗ್ಗಿಗೆ ಬಿದ್ದರೆ
ಹಿಂದಿನ ಬಲಗಾಲಿ ತಾನೇ ಅದನ್ನು ಹೇಳುತ್ತದೆ:
ಸಾಕಪ್ಪ, ಸಾಕಪ್ಪ, ಸಾಕಪ್ಪ.
ಮೂರು ಸಲ ಕುಣಿದು, ಆಮೇಲೆ ಸುಮ್ಮನಾಗುತ್ತದೆ.

ಹತ್ತೊಂಬತ್ತು ವರ್ಷದ ಪಿಕಪ್ಪು.
ಮೊದಲ ಮಾಲೀಕ ಮರಳು ಹೊಡೆದ,
ಎರಡನೆಯವ ಭತ್ತದ ಹೊಟ್ಟು.
ನಾನು ಮೂರನೆಯವ, ತತ್ತಿ.
ಮರಳು ಒಡೆಯುವುದಿಲ್ಲ,
ಹೊಟ್ಟಿಗೆ ಬಿದ್ದಲ್ಲೇ ಹಾಸಿಗೆ.
ತತ್ತಿ ಮಾತ್ರ ರಸ್ತೆಯ ಲೆಕ್ಕ ಬರೆದಿಡುತ್ತದೆ,
ಒಂದು ಗೆರೆಯನ್ನೂ ಬಿಡದೆ.

ಗಂಗಾವತಿಯ ರೈಸ್ ಮಿಲ್ಲಿನ ಹಿಂದೆ ಹೊನ್ನೂರಸಾಬನ ಗ್ಯಾರೇಜು.
ಅವನು ಬಾನೆಟ್ ತೆರೆಯಲಿಲ್ಲ, ಏನೂ ಕೇಳಲಿಲ್ಲ.
ಹಿಂದಿನ ಮೂಲೆಗೆ ಎರಡೂ ಕೈ ಊರಿ,
ಮೈಭಾರ ಬಿಟ್ಟು ಒತ್ತಿ, ಕೈ ಎತ್ತಿದ.
ಗಾಡಿ ತೊಟ್ಟಿಲಾಯಿತು.
ಬಗ್ಗಿ ನೋಡಿದ: ಕೊಳವೆಯ ಮೈತುಂಬ ಎಣ್ಣೆ,
ಎಣ್ಣೆಯ ಮೇಲೆ ಮೂರು ತಾಲೂಕಿನ ಧೂಳು.

'ಕಂಪನಿದು ಜೋಡಿಗೆ ನಾಲ್ಕು ಸಾವಿರದ ಆರನೂರು.
ಲೋಕಲ್ ಸಾವಿರದ ಒಂಬೈನೂರು, ನಿನ್ನ ಲೋಡಿಗೆ ಅದ ಸಾಕು.
ಗುಜರಿದು ಕೇಳಬ್ಯಾಡ ಯಮನೂರಪ್ಪ,
ಮಂದಿ ಸೊಂಟನೋವು ರೊಕ್ಕ ಕೊಟ್ಟು ತಂದಂಗ.'

'ಎಡಗಡೆದು ಚಲೋ ಐತಲ್ಲ, ಒಂದ ಹಾಕು.'

'ಒಂದ ಹೋರಿ ಒಂದ ಮುದೆತ್ತು ಹೂಡಿದ್ರ
ಸಾಲು ಎತ್ಲಾಗ ಹೊಕ್ಕೈತಿ ಹೇಳು.
ಹಾಕಿದ್ರ ಜೋಡಿ. ಮುಂದಿನವು ದೀಪಾವಳಿಗೆ ನೋಡೋಣು,
ನಿನ್ನ ತತ್ತಿ ಕುಂದ್ರೋದು ಹಿಂದ.'

ಖಾಲಿ ಟ್ರೇಯ ರಟ್ಟಿನ ಮೇಲೆ
ಹುಲಿಗೆವ್ವ ಪೆನ್ಸಿಲ್ಲಿನಲ್ಲಿ ಬರೆದಳು:
ಜೋಡಿ ಸಾವಿರದ ಒಂಬೈನೂರು. ಬುಷ್ ಎಂಬತ್ತು. ಕೂಲಿ ಮುನ್ನೂರು.
ದಿನಕ್ಕೆ ಬಿರುಕು ಬಿಟ್ಟ ತತ್ತಿ ನಲವತ್ತು,
ಒಂದೊಂದಕ್ಕೆ ಮೂರು ರೂಪಾಯಿ ಲುಕ್ಸಾನು.
'ಹತ್ತೊಂಬತ್ತು ದಿನಕ್ಕ ರೊಕ್ಕ ತಿರುಗಿ ಮನಿಗೆ ಬರತೈತಿ,
ಇಷ್ಟು ದಿನ ಏನ ಮಾಡ್ತಿದ್ದಿ?'
ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೂಲಿ ನಾನೂರು ಇತ್ತು; ನೂರು ಇಳಿದದ್ದು ಹೇಗೆಂದರೆ
ರಾತ್ರಿ ಗಾಡಿಯ ಕೆಳಗೆ ನಾನೇ ಅಂಗಾತ ಮಲಗಿ
ತಂತಿಬ್ರಷ್ಷಿನಿಂದ ತುಕ್ಕು ಉಜ್ಜಿ
ನಟ್ಟುಗಳಿಗೆ ಡೀಸೆಲ್ ಬಟ್ಟೆ ಸುತ್ತಿಟ್ಟೆ,
ಜ್ವರದ ಕೂಸಿಗೆ ಒದ್ದೆ ಪಟ್ಟಿ ಹಾಕಿದ ಹಾಗೆ.
ಬೆಳಿಗ್ಗೆ ಮೂರು ಬಿಚ್ಚಿದವು. ನಾಲ್ಕನೆಯದನ್ನು
ದಾದು ಎಂಬ ಹುಡುಗ ಕೊರೆದು ತೆಗೆದ.

ಹಳೆಯದನ್ನು ನೆಲಕ್ಕೆ ಊರಿ ಒತ್ತಿದೆ.
ಹೋಯಿತು ಒಳಗೆ, ಮತ್ತೆ ಬರಲಿಲ್ಲ.
ಹೊಸದನ್ನು ಒತ್ತಿದೆ.
ಅದು ತಡೆದು ತಡೆದು ಮೇಲೆದ್ದಿತು,
ಯೋಚನೆ ಮಾಡಿ ಮಾತಾಡುವವರ ಥರ.

ಮರುದಿನ ಹೇಮಗುಡ್ಡದ ತಗ್ಗು ಅಲ್ಲೇ ಇತ್ತು.
ಗಾಲಿ ಇಳಿಯಿತು, ಏರಿತು.
ಒಂದೇ ಒಂದು ಸಲ. ಕಿವಿಗೊಟ್ಟೆ.
ಯಾರೂ ಏನೂ ಅನ್ನಲಿಲ್ಲ.

ದಾಸನಾಳದಲ್ಲಿ ಗಾಳೆವ್ವನ ಡಬ್ಬಿ ಅಂಗಡಿ.
ಬಿರುಕು ತತ್ತಿಯೆಲ್ಲ ಅವಳಿಗೆ ಅರ್ಧ ರೇಟಿಗೆ,
ಅವಳ ಚಹಾ ನನಗೆ ಪುಗಸಟ್ಟೆ:
ನಾಲ್ಕು ವರ್ಷದ ಕರಾರು, ಬರೆದಿಟ್ಟದ್ದಲ್ಲ.
ಬೋಂಡಾದ ಹಿಟ್ಟು ಕಲಸಿಟ್ಟು ಕಾಯುತ್ತಿದ್ದಳು.

'ಇವತ್ತು ಎಷ್ಟು?'
'ಮೂರು.'
'ಮೂರು ಟ್ರೇನಾ?'
'ಮೂರ ತತ್ತಿ.'

ಸೆರಗಿಗೆ ಕೈ ಒರೆಸುತ್ತ ಗಾಡಿಯ ಹಿಂದೆ ಬಂದಳು.
ಎರಡೂ ಕೈ ಊರಿ, ಥೇಟ್ ಹೊನ್ನೂರಸಾಬನಂತೆ,
ಒತ್ತಿ ಬಿಟ್ಟಳು.
ಗಾಡಿ ಎದ್ದು ನಿಂತಿತು, ಒಂದೇ ಸಲಕ್ಕೆ.
'ಹೂಂ' ಅಂದಳು.
ಒಲೆಯ ಕಡೆ ಹೋಗಿ, ಹಿಟ್ಟಿನ ಬೋಗುಣಿಗೆ ತಾಟು ಮುಚ್ಚಿ,
ಗ್ಲಾಸು ನನ್ನ ಮುಂದಿಟ್ಟಳು.
'ಇನ್ನ ಮ್ಯಾಲೆ ಚಹಾ ಹತ್ತು ರೂಪಾಯಿ.'

ಕೊಟ್ಟೆ. ರಟ್ಟಿನ ಲೆಕ್ಕದಲ್ಲಿ ಈ ಹತ್ತು ಇರಲಿಲ್ಲ.
ಊರು ಮುಟ್ಟುವ ತನಕ
ಹೊಟ್ಟೆಯೊಳಗಿನ ಚಹಾ
ಒಮ್ಮೆಯೂ ತುಳುಕಲಿಲ್ಲ.