ಒಂದು ತಾಸಿನ ಜ್ವರ

ಕೌಲ್ ಬಜಾರಿನ ಮಟನ್ ಅಂಗಡಿಯಲ್ಲಿ
ಜಿಲಾನಿ ಸಾಬ ಭಾನುವಾರ ಭಾನುವಾರ ಕೇಳುತ್ತಾನೆ:
"ತಿಲ್ಲಿ ಹಾಕ್ಲೇನಕ್ಕ? ರಕ್ತ ಆಗ್ತೈತಿ."
ಕತ್ತಿಯ ಪಕ್ಕ ನೀಲಿಗಪ್ಪಾಗಿ,
ನಾಲಿಗೆಯಂತೆ ಮೆತ್ತಗೆ ಬಿದ್ದಿರುತ್ತದೆ ಅದು.
ಹಾಕಪ್ಪ, ಅನ್ನುತ್ತೇನೆ.
ನನ್ನದು ಯಾವ ಬುಟ್ಟಿಗೆ ಬಿತ್ತೋ, ಕೇಳಲಿಲ್ಲ.

ಮೋಕಾ ರಸ್ತೆಯಲ್ಲಿ ಆಟೋ ಮಗುಚಿದ ದಿನ
ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.
ಒಳಗೆ ಗುಲ್ಮ ಒಡೆದಿತ್ತು.
ವಿಮ್ಸಿನಲ್ಲಿ ಎಚ್ಚರಾದಾಗ ಹೊಲಿಗೆ ಎಣಿಸಿದೆ, ಇಪ್ಪತ್ತೆರಡು.
ನನ್ನ ಕೈಯಾದರೆ ಇನ್ನೂ ಒತ್ತಾಗಿ ಹಾಕುತ್ತಿತ್ತು.

ನಮ್ಮ ಜೀನ್ಸ್ ಯೂನಿಟ್ಟಿನ ಚೆಕಿಂಗ್ ಮೇಜಿಗೆ ಹಂಪಮ್ಮ.
ಸಡಿಲ ಗುಂಡಿ, ತಪ್ಪಿದ ಹೊಲಿಗೆ, ಬಿಟ್ಟ ದಾರ
ಬೆರಳಿಗೇ ಗೊತ್ತು ಅವಳಿಗೆ.
ಅವಳು ರಜೆ ಹಾಕಿದ ದಿನ ಏನೂ ಆಗುವುದಿಲ್ಲ.
ಮಿಷನ್ನು ಓಡುತ್ತದೆ, ಬಂಡಲು ಕಟ್ಟುತ್ತಾರೆ, ಲಾರಿ ಹೋಗುತ್ತದೆ.
ಏನು ಹೋಯಿತೆಂದು ತಿಳಿಯುವುದು ಆಮೇಲೆ.
ಡಾಕ್ಟರಮ್ಮ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು:
ನನ್ನ ರಕ್ತದ ಹಂಪಮ್ಮ ಇನ್ನು ಬರುವುದಿಲ್ಲ.

ಸೂಜಿ ಚುಚ್ಚಿದರು. ಚೀಟಿ ಕೊಟ್ಟರು.
"ಜ್ವರ ಬಂದ್ರೆ ನಾಳೆ ಅನ್ಬೇಡ.
ನಾಯಿ ಕಚ್ಚೋದೇ ಬೇಕಾಗಿಲ್ಲ, ಗಾಯ ನೆಕ್ಕಿದ್ರೂ ಬಾ."

ಜ್ವರವಂತೆ!
ಮೇ ತಿಂಗಳ ಬಳ್ಳಾರಿಯಲ್ಲಿ
ನಲ್ಲಿಯ ನೀರು ಸುಡುತ್ತದೆ, ಬಾಗಿಲ ಚಿಲಕ ಸುಡುತ್ತದೆ,
ಕೋಟೆಯ ಬಂಡೆ ನಡುರಾತ್ರಿಗೂ ಆರುವುದಿಲ್ಲ.
ಇದರೊಳಗೆ ನನ್ನ ಮೈ ಎಷ್ಟು, ಊರಿನದೆಷ್ಟು?
ಕುಬುಸದಲ್ಲಿ ಪರ್ಸು, ಪರ್ಸಿನಲ್ಲಿ ಥರ್ಮಾಮೀಟರು.
"ತಾಳಿಗಿಂತ ಅದನ್ನೇ ಜ್ವಾಪಾನ ಮಾಡ್ತಿ" ಅಂದ ಗಾದಿಲಿಂಗ.
ಇಬ್ಬರೂ ನಗಲಿಲ್ಲ.

ಒಂದು ರಾತ್ರಿ ಅಂಥ ಸೆಖೆಯಲ್ಲಿ
ಫ್ಯಾನು ನಿಲ್ಲಿಸು ಅಂದೆ.
ಅವನಿಗೆ ಅಷ್ಟೇ ಸಾಕಾಯಿತು.
ಎತ್ತಿಟ್ಟ ಮಾತ್ರೆ ನುಂಗಿ, ಹಲ್ಲು ಕಟಕಟ ಅನ್ನುತ್ತ
ಅವನ ಬೈಕಿನ ಹಿಂದೆ ಕೂತೆ.
ನಿದ್ದೆಗಣ್ಣಿನ ಹುಡುಗ ಡಾಕ್ಟರು ಕೇಳಿದ:
"ಎಷ್ಟು ದಿನದಿಂದ?"
ಒಂದು ತಾಸಾತ್ರಿ.
"ಒಂದು ತಾಸಿಗೇ ಓಡಿ ಬಂದ್ರಾ?"
ಸೆರಗು ಸರಿಸಿ ಇಪ್ಪತ್ತೆರಡೂ ತೋರಿಸಿದೆ.
ಅವನೆದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಆರು ದಿನ ಮಲಗಿದ್ದೆ. ಕೂಲಿ ಹೋಯಿತು,
ಮುಂಗಾರಿನ ಮೊದಲ ಹನಿ ನೋಡಲಿಲ್ಲ.

ಯೂನಿಟ್ಟಿನ ಬಾಗಿಲಲ್ಲಿ ಕರಿಯ ಕಾಯುತ್ತಿರುತ್ತದೆ,
ಎರಡು ವರ್ಷ ನನ್ನ ಕೈಯಿಂದಲೇ ಬನ್ನು ತಿಂದ ನಾಯಿ.
ಈಗ ದೂರದಿಂದ ಎಸೆಯುತ್ತೇನೆ,
ಸೂಜಿ ತಾಗಿದ ಬೆರಳು ಸೆರಗಿನೊಳಗೆ.
ಬನ್ನು ಮುಟ್ಟುವುದಿಲ್ಲ ಅದು. ಬಾಲ ಆಡಿಸುತ್ತ
ಒಂದು ಹೆಜ್ಜೆ ಮುಂದೆ ಬರುತ್ತದೆ.
ನಾನೊಂದು ಹೆಜ್ಜೆ ಹಿಂದೆ.